ರಾಬರ್ಟ್ ಬ್ರೂಸ್ ಫೂಟ್ ಸಾಹೇಬರ ಚರಿತ್ರೆ

ಬೆಳಗಾವಿಯಿಂದ ತೆಂಕಲಿಗೆ ಖಾನಾಪುರದ ದಾರಿ ಹಿಡಿದವರು ಸುಮಾರು 16 ಮೈಲಿ ನಡೆಯುವಷ್ಟರಲ್ಲಿ ಬತ್ತದ ಗದ್ದೆಗಳನ್ನೂ ಕೆಮ್ಮಣ್ಣಿನ ಹೊಲಗಳನ್ನೂ ಅವುಗಳ ಆಚೆ ಅಲೆಯಂತೆ ಏರಿ ಇಳಿಯುವ ಹುಲ್ಲಿನ ಮಡ್ಡಿಗಳನ್ನೂ ಕಾಣುತ್ತಾರೆ. ಅಲ್ಲಿಂದ ಪಡುವಲಿಗೆ ಜಾಂಬೋಟಿ ಕಣಕುಂಬಿಗಳ ಕಡೆಗೆ ತಿರುಗಿದರೆ ನೆಲವು ಮೆಲ್ಲಮೆಲ್ಲನೆ ಏರುತ್ತದೆ. ಗುಡ್ಡಗಳ ತಲೆಗಳು ಹಲಗೆಯಿಂದ ಸವರಿದವೋ ಎಂಬಂತೆ ಚಪ್ಪಟೆಯಾಗಿವೆ. ಅವುಗಳ ಮೇಲೆ ಜಂಬಿಟ್ಟಿಗೆ ಕಲ್ಲಿನ ಹಾಸು, ಹಾಸಿನ ಮೇಲೆ ಗೇಣುದ್ದದ ಹುಲ್ಲು, ಗುಡ್ಡಗಳ ಸಂದುಗಳಲ್ಲಿ ಹಗಲಲ್ಲಿಯೂ ಕತ್ತಲೆ ಕವಿದಿರುವ ಅಡವಿ. ಮಳೆಗಾಲದಲ್ಲಿ ಆ ಮಾಳಗಳ ಮೇಲೆ ಮಂಜು ಇಳಿದರೆ ಹತ್ತು ಮಾರು ದೂರದ ದನವೂ ಕಾಣಿಸುವದಿಲ್ಲ. ಮಾರ್ಚಿ ತಿಂಗಳು ಬಂದರೆ ಅದೇ ನೆಲವು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಜೋಳ ಬೆಳೆಯದು, ಬತ್ತ ನಿಲ್ಲದು. ಆದದರಿಂದ ನಮ್ಮ ಒಕ್ಕಲಿಗರು ಅದನ್ನು ಬರಿ ಮಡ್ಡಿ ಎಂದು ಕರೆದು ದನಗಳಿಗೆ ಬಿಟ್ಟಿದ್ದಾರೆ.

ಸಭೆಯಿಂದ ಸಭೆಗೆ ಹೋಗುವ ನಾವು ಈ ಮಡ್ಡಿಗಳನ್ನು ಬಹಳ ಸಾರಿ ದಾಟಿದ್ದೇವೆ. ಮುಳ್ಳಿಗೂ ಹಾವಿಗೂ ಹೊರತು ಬೇರೆ ಯಾವದಕ್ಕೂ ನಮ್ಮ ಕಣ್ಣು ನೆಲದ ಕಡೆಗೆ ಹೋದದ್ದಿಲ್ಲ. ಕಳೆದ ಬೇಸಿಗೆಯಲ್ಲಿ ಖಾನಾಪುರ ತಾಲೂಕಿನ ಒಂದು ಸಭೆಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮೊಮ್ಮಗನು ಬೆಳಗಾವಿಯಲ್ಲಿ ಓದುತ್ತಾನೆ. ಈ ನಾಡಿನಲ್ಲಿ ಲಕ್ಷಾಂತರ ವರುಷಗಳ ಹಿಂದೆಯೇ ಮನುಷ್ಯರು ಕಲ್ಲಿನ ಆಯುಧಗಳನ್ನು ಮಾಡಿಕೊಂಡು ಬದುಕಿದ್ದರೆಂದು ಅವನ ಪುಸ್ತಕದಲ್ಲಿ ಬರೆದಿದೆಯಂತೆ. ಇದು ಸತ್ಯವೇದಕ್ಕೆ ವಿರೋಧವಲ್ಲವೇ, ಹುಡುಗನನ್ನು ಆ ಓದಿನಿಂದ ಬಿಡಿಸಬೇಕೋ ಎಂದು ಅವರು ಬಹಳ ನೊಂದು ಕೇಳಿದರು. ಆ ರಾತ್ರಿ ನಾವು ಅವರಿಗೆ ಕೊಟ್ಟ ಉತ್ತರವು ನಮಗೇ ಸಾಕಾಗಲಿಲ್ಲ. ಊರಿಗೆ ಬಂದು ಪುಸ್ತಕಗಳನ್ನು ತಿರುವಿದೆವು. ಹುಡುಕುತ್ತಾ ಹೋದಾಗ ಒಬ್ಬ ಮನುಷ್ಯನ ಹೆಸರು ಮೇಲಿಂದ ಮೇಲೆ ಸಿಕ್ಕಿತು. ಆತನು ನಮ್ಮ ಇದೇ ಮಡ್ಡಿಗಳನ್ನು ಸುತ್ತಿಗೆ ಹಿಡಿದು ಸುತ್ತಿದವನು ಎಂಬದೂ ತಿಳಿಯಿತು. ಆ ಹಿರಿಯರಿಗೆ ಸಲ್ಲಬೇಕಾದ ಉತ್ತರಕ್ಕೆ ಬದಲಾಗಿ ಆತನ ಚರಿತ್ರೆಯನ್ನೇ ಇಲ್ಲಿ ಬರೆಯುತ್ತೇವೆ.

ರಾಬರ್ಟ್ ಬ್ರೂಸ್ ಫೂಟ್ ಎಂಬವರು 1834ನೇ ಇಸವಿಯ ಸೆಪ್ಟೆಂಬರ್ 22ರಂದು ಇಂಗ್ಲೆಂಡ್ ದೇಶದ ಚೆಲ್ಟನ್ಹ್ಯಾಮ್ ಪಟ್ಟಣದಲ್ಲಿ ಹುಟ್ಟಿದರು. ಅವರು 24 ವರುಷದವರಾಗಿದ್ದಾಗ, 1858ರ ಕಡೆಯಲ್ಲಿ, ಹಿಂದೂಸ್ಥಾನದ ಭೂಗರ್ಭ ಸರ್ವೇಕ್ಷಣೆಯ ಖಾತೆಗೆ ಸೇರಿ ಮದ್ರಾಸ್ ಸಂಸ್ಥಾನಕ್ಕೆ ನೇಮಕವಾದರು. ಈ ಖಾತೆಯು ಆಗಿನ್ನೂ ಹೊಸದು. ಅದು ಸ್ಥಾಪನೆಯಾದದ್ದು 1851ರಲ್ಲಿ. ನೆಲದ ಕೆಳಗೆ ಕಲ್ಲಿದ್ದಲು ಎಲ್ಲಿದೆ, ಕಬ್ಬಿಣ ಎಲ್ಲಿದೆ, ಬಂಗಾರ ಎಲ್ಲಿದೆ, ಯಾವ ಬಂಡೆ ಯಾವ ಬಂಡೆಯ ಮೇಲೆ ಕೂತಿದೆ ಎಂಬದನ್ನು ಊರೂರಿಗೆ ಹೋಗಿ ನೋಡಿ ನಕ್ಷೆಯಲ್ಲಿ ಬಣ್ಣದಿಂದ ತೋರಿಸುವದು ಅದರ ಕೆಲಸ. ಮಳೆ ನಿಂತ ಮೇಲೆ ಡೇರೆ, ಎತ್ತಿನ ಗಾಡಿ, ಕುದುರೆ, ದಿಕ್ಸೂಚಿ, ಸುತ್ತಿಗೆಗಳೊಂದಿಗೆ ಹೊರಡಬೇಕು. ಬೇಸಿಗೆ ಮುಗಿಯುವ ತನಕ ತಿರುಗಬೇಕು. ಮಳೆಗಾಲದಲ್ಲಿ ಪಟ್ಟಣಕ್ಕೆ ಬಂದು ಕಂಡದ್ದನ್ನೆಲ್ಲಾ ಬರೆಯಬೇಕು. ಫೂಟ್ ಸಾಹೇಬರು ಹೀಗೆ 33 ವರುಷ ನಡೆದರು.

ಅವರು ಮದ್ರಾಸಿಗೆ ಬಂದ ಕೆಲವು ವರುಷಗಳಲ್ಲಿ, 1862ರಲ್ಲಿ, ಪೀಟರ್ ಪರ್ಸಿವಲ್ ಅಯ್ಯನವರ ಮಗಳನ್ನು ಮದುವೆಯಾದರು. ಈ ಪರ್ಸಿವಲ್ ಅಯ್ಯನವರನ್ನು ನಮ್ಮ ವಾಚಕರಲ್ಲಿ ಕೆಲವರು ಬಲ್ಲಿರಿ. ಅವರು ಮೊದಲು ವೆಸ್ಲಿಯನ್ ಮಿಶನಿನಿಂದ ಲಂಕೆಯ ಯಾಳ್ಪಾಣಕ್ಕೆ ಬಂದು, ಅಲ್ಲಿ ಶಾಲೆಗಳನ್ನು ನಡಿಸಿ, ತಮಿಳು ಸತ್ಯವೇದವನ್ನು ತಿದ್ದಿ ಪುನಃ ಭಾಷಾಂತರಿಸುವ ಕೆಲಸಕ್ಕೆ ಮುಖ್ಯಸ್ಥರಾಗಿದ್ದವರು. ಆ ಕೆಲಸದಲ್ಲಿ ಅವರಿಗೆ ಸಹಾಯಕನಾಗಿದ್ದವನು ಆರುಮುಗ ನಾವಲರ್ ಎಂಬ ಶೈವ ಪಂಡಿತನು. ಮುಂದೆ ಆತನೇ ಮಿಶನರಿಗಳಿಗೆ ಎದುರಾಗಿ ನಿಂತು ಶೈವಮತವನ್ನು ಎತ್ತಿ ಹಿಡಿದದ್ದು ಬೇರೆ ಸಂಗತಿ. ಪರ್ಸಿವಲ್ ಅಯ್ಯನವರು ತರುವಾಯ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಉಪಾಧ್ಯಾಯರಾಗಿ, ಹಳ್ಳಿಯವರ ಬಾಯಲ್ಲಿರುವ ತಮಿಳು ಗಾದೆಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಮಾವನು ಜನರ ಬಾಯಿಂದ ಬಿದ್ದ ಮಾತುಗಳನ್ನು ಆರಿಸಿದನು. ಅಳಿಯನು ಜನರ ಕಾಲಿಗೆ ಎಡವುವ ಕಲ್ಲುಗಳನ್ನು ಆರಿಸಿದನು.

ಆ ಕಲ್ಲುಗಳ ವಿಷಯಕ್ಕೆ ಬರುವ ಮೊದಲು ಯೂರೋಪಿನಲ್ಲಿ ಆಗ ನಡೆಯುತ್ತಿದ್ದ ಒಂದು ವಾದವನ್ನು ಹೇಳಬೇಕು. ಫ್ರಾನ್ಸ್ ದೇಶದ ಸೊಮ್ ಎಂಬ ನದಿಯ ಕಣಿವೆಯಲ್ಲಿ, ಈಗ ಭೂಮಿಯ ಮೇಲೆ ಇಲ್ಲದ ಮೃಗಗಳ ಎಲುಬುಗಳ ಜೊತೆಯಲ್ಲಿ, ಮನುಷ್ಯರು ಕೈಯಿಂದ ಒಡೆದು ಚೂಪು ಮಾಡಿದ ಚಕಮಕಿ ಕಲ್ಲುಗಳು ಸಿಕ್ಕಿದ್ದವು. ಬಹು ದಿವಸ ಯಾರೂ ಅದನ್ನು ನಂಬಲಿಲ್ಲ. 1859ರಲ್ಲಿ ಪ್ರೆಸ್ಟ್ವಿಚ್ ಎಂಬ ಭೂಗರ್ಭಶಾಸ್ತ್ರಜ್ಞರೂ ಅವರ ಸ್ನೇಹಿತರಾದ ಇವಾನ್ಸರೂ ಅಲ್ಲಿಗೆ ಹೋಗಿ, ಮಣ್ಣಿನ ಪದರಗಳನ್ನು ಅಳೆದು ನೋಡಿ, ಇದು ನಿಜವೆಂದು ಇಂಗ್ಲೆಂಡಿನ ವಿದ್ವಾಂಸರ ಮುಂದೆ ಹೇಳಿದರು. ಈ ಸುದ್ದಿಯನ್ನು ಓದಿದ ಫೂಟರಿಗೆ, ಹಿಂದೂಸ್ಥಾನದ ಮಣ್ಣಿನಲ್ಲಿಯೂ ಅಂಥವು ಇರಬಾರದೇಕೆ ಎಂಬ ವಿಚಾರವು ಹುಟ್ಟಿತು. ಅಂದಿನಿಂದ ಅವರು ಎಲ್ಲಿ ಹಳ್ಳ ಕೊರೆದಿದೆಯೋ ಎಲ್ಲಿ ಮಣ್ಣು ಅಗೆದಿದೆಯೋ ಅಲ್ಲಿ ಬಗ್ಗಿ ನೋಡತೊಡಗಿದರು.

1863ರ ಮೇ 30, ಶನಿವಾರ. ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಜಲ್ಲಿಗಾಗಿ ಅಗೆದಿದ್ದ ಒಂದು ಕುಣಿಯಲ್ಲಿ, ಜಂಬಿಟ್ಟಿಗೆಯ ಕೆಂಪು ಹರಳುಗಳ ನಡುವೆ, ಅವರಿಗೆ ಒಂದು ಕಲ್ಲು ದೊರಕಿತು. ಅದನ್ನು ಎತ್ತಿ ನೋಡಿದರೆ ಎರಡು ಮೈಗಳಲ್ಲಿಯೂ ಚಕ್ಕೆ ಎಬ್ಬಿಸಿದ ಗುರುತು, ಸುತ್ತಲೂ ಅಂಚು, ಹಿಡಿಯಲು ತಕ್ಕ ಹಿಡಿ. ಭಾರತದ ಹಳೆಯ ಶಿಲಾಯುಗದ ಆಯುಧವೆಂದು ಗುರುತಿಸಲ್ಪಟ್ಟ ಮೊದಲನೆಯ ಕಲ್ಲು ಅದು. ಅದೇ ವರುಷದ ಸೆಪ್ಟೆಂಬರ್ 28ರಂದು ಅವರೂ ಅವರ ಜೊತೆಗಾರರಾದ ವಿಲಿಯಂ ಕಿಂಗರೂ ಮದ್ರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಮ್ ಎಂಬ ಹಳ್ಳಿಯ ಹಳ್ಳದಲ್ಲಿ ಇನ್ನೂ ಅನೇಕ ಆಯುಧಗಳನ್ನು ಕಂಡರು. ಆಗ ಫೂಟರಿಗೆ 29 ವರುಷ.

ಕಲ್ಲು ತಾನಾಗಿ ಒಡೆಯಿತೋ ಮನುಷ್ಯನು ಒಡೆದನೋ ಎಂಬದು ಹೇಗೆ ತಿಳಿಯಿತು ಎಂದು ನಮ್ಮ ಸಭೆಯವರು ಕೇಳುವರು. ಹಳ್ಳದಲ್ಲಿ ಉರುಳಿದ ಕಲ್ಲು ಗುಂಡಾಗುತ್ತದೆ. ಬಿಸಿಲಿಗೂ ಚಳಿಗೂ ಸೀಳಿದ ಕಲ್ಲು ಎಲ್ಲೆಂದರಲ್ಲಿ ಬಿರಿಯುತ್ತದೆ. ಆದರೆ ಇನ್ನೊಂದು ಕಲ್ಲಿನಿಂದ ಗುರಿಯಿಟ್ಟು ಹೊಡೆದಾಗ ಏಟು ಬಿದ್ದ ಸ್ಥಳದಲ್ಲಿ ಸಣ್ಣದೊಂದು ಉಬ್ಬು ಎದ್ದು, ಹಾರಿದ ಚಕ್ಕೆಯ ಗುರುತು ಕಪ್ಪೆಚಿಪ್ಪಿನ ಒಳಮೈಯಂತೆ ತಗ್ಗಾಗಿ ಉಳಿಯುತ್ತದೆ. ಗಾಜಿನ ಸೀಸೆಯ ದಪ್ಪನ್ನ ಬುಡ ಒಡೆದವರಿಗೆ ಇದು ಗೊತ್ತು. ಅಂಥ ಗುರುತುಗಳು ಒಂದಲ್ಲ ಎರಡಲ್ಲ, ಇಪ್ಪತ್ತು ಮೂವತ್ತು, ಒಂದರ ಪಕ್ಕದಲ್ಲಿ ಒಂದು, ಎರಡು ಮಗ್ಗುಲಿಂದಲೂ ಒಂದೇ ಅಂಚಿಗೆ ಬಂದು ಸೇರಿದರೆ, ಅದರ ಹಿಂದೆ ಒಂದು ಕೈ ಇತ್ತು, ಕೈಯ ಹಿಂದೆ ಒಂದು ಯೋಚನೆ ಇತ್ತು. ಈ ಅಂಚಿಗಾಗಿಯೇ ಈ ಕಲ್ಲನ್ನು ಹೀಗೆ ಹೊಡೆಯುತ್ತೇನೆ ಎಂದು ಮೊದಲೇ ಮನಸ್ಸಿನಲ್ಲಿ ಕಂಡುಕೊಳ್ಳದೆ ಅದನ್ನು ಮಾಡುವದಕ್ಕಾಗದು.

ಇಲ್ಲಿ ಖಾನಾಪುರದ ಹಿರಿಯರ ಪ್ರಶ್ನೆಯನ್ನು ಮತ್ತೆ ಎತ್ತುತ್ತೇವೆ. ಲೋಕದ ಸೃಷ್ಟಿಯು ಕ್ರಿಸ್ತ ಪೂರ್ವ 4004ನೇ ವರುಷದಲ್ಲಿ ಆಯಿತೆಂದು ನಮ್ಮಲ್ಲಿ ಕೆಲವರು ಬಾಲ್ಯದಿಂದಲೇ ಕೇಳಿದ್ದೇವೆ. ಅದು ಸತ್ಯವೇದದ ಮಾತೆಂದೇ ಎಣಿಸಿದ್ದೇವೆ. ಆದರೆ ಆದಿಕಾಂಡವನ್ನು ಮೊದಲಿನಿಂದ ಕಡೆಯ ತನಕ ಓದಿದರೂ ಆ ಅಂಕೆಯು ಸಿಕ್ಕುವದಿಲ್ಲ. ಐರ್ಲೆಂಡ್ ದೇಶದ ಆರ್ಚ್ ಬಿಷಪರಾದ ಜೇಮ್ಸ್ ಅಶ್ಶರ್ ಎಂಬ ದೊಡ್ಡ ವಿದ್ವಾಂಸರು ವಂಶಾವಳಿಗಳನ್ನೂ ಅರಸರ ಆಳಿಕೆಗಳನ್ನೂ ಕೂಡಿಸಿ ಲೆಕ್ಕ ಹಾಕಿ, 1650ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. 1701ರಿಂದ ಇಂಗ್ಲಿಷ್ ಸತ್ಯವೇದದ ಪುಟಗಳ ಅಂಚಿನಲ್ಲಿ ಆ ವರುಷಗಳನ್ನು ಅಚ್ಚು ಹಾಕುವ ರೂಢಿಯು ಬಂತು. ಅಂಚಿನಲ್ಲಿದ್ದದ್ದು ನಿಧಾನವಾಗಿ ಓದುವವರ ಮನಸ್ಸಿನಲ್ಲಿ ಒಳಗೆ ಬಂದು ಕೂತಿತು. ಅಶ್ಶರರು ಭಕ್ತರೂ ಪ್ರಾಮಾಣಿಕರೂ ಆಗಿದ್ದರೆಂಬದರಲ್ಲಿ ಸಂದೇಹವಿಲ್ಲ. ಆದರೂ ಅವರ ಲೆಕ್ಕವು ಅವರ ಲೆಕ್ಕವೇ. ಪ್ರವಾದಿಯ ಮಾತಿಗೂ ಪುಟದ ಅಂಚಿನ ಅಂಕೆಗೂ ಇರುವ ಭೇದವನ್ನು ನಾವು ಉಪದೇಶಿಗಳೇ ಜನರಿಗೆ ಹೇಳಿಕೊಡದೆ ಹೋದದ್ದು ನಮ್ಮ ತಪ್ಪು.

ಕಲ್ಲಿನ ಆಯುಧವೆಂದರೆ ಸತ್ಯವೇದಕ್ಕೆ ಅಪರಿಚಿತವಾದದ್ದೂ ಅಲ್ಲ. ಮೋಶೆಯ ಹೆಂಡತಿಯಾದ ಚಿಪ್ಪೋರಳು ದಾರಿಯ ಛತ್ರದಲ್ಲಿ ತನ್ನ ಮಗನಿಗೆ ಸುನ್ನತಿ ಮಾಡಿದ್ದು ಕಬ್ಬಿಣದ ಚೂರಿಯಿಂದಲ್ಲ, ಕಲ್ಲಿನಿಂದ. ಯೊರ್ದನನ್ನು ದಾಟಿದ ಮೇಲೆ ಯೆಹೋಶುವನು ಮಾಡಿಸಿದ್ದೂ ಕಲ್ಲಿನ ಚೂರಿಗಳನ್ನೇ. ತೂಬಲ್ ಕಾಯಿನನು ತಾಮ್ರ ಕಬ್ಬಿಣಗಳ ಕೆಲಸಕ್ಕೆ ಮೊದಲಿಗನಾದನೆಂದು ಓದುವಾಗ, ಅವನಿಗಿಂತ ಮುಂಚೆ ಇದ್ದವರು ಕಟ್ಟಿಗೆಯನ್ನು ಯಾವದರಿಂದ ಕಡಿದರೆಂದು ನಾವು ಒಂದು ಸಾರಿಯಾದರೂ ಕೇಳಿಕೊಂಡೆವೋ? ನಾವಂತೂ ಸೆಮಿನೆರಿಯಲ್ಲಿ ಆ ಅಧ್ಯಾಯಕ್ಕೆ ಪರೀಕ್ಷೆ ಕೊಟ್ಟೂ ಕೇಳಿಕೊಳ್ಳಲಿಲ್ಲ.

ಫೂಟ್ ಸಾಹೇಬರು ಈ ವಾದಗಳಲ್ಲಿ ದನಿ ಎತ್ತಿ ಕೂಗಿದವರಲ್ಲ. ಕಲ್ಲು ಯಾವ ಊರಿನಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವ ಪದರದಲ್ಲಿ, ಅದರ ಮೇಲೆ ಏನಿತ್ತು, ಕೆಳಗೆ ಏನಿತ್ತು ಎಂಬದನ್ನು ಬರೆದಿಟ್ಟರು. ಮನುಷ್ಯರು ಜಗಳವಾಡುವಾಗ ಅಳತೆಗೋಲು ಹಿಡಿದು ಕೂತವನ ಕೆಲಸವೇ ಕಡೆಗೆ ಉಳಿಯುತ್ತದೆಂಬದಕ್ಕೆ ಅವರ ಬರಹಗಳು ಸಾಕ್ಷಿ. ಅದೇ ಕಾಲದಲ್ಲಿ ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಾಪ್ ಅಯ್ಯನವರನ್ನೂ ಇಲ್ಲಿ ನೆನಸಬೇಕು. ಅವರು ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಮಿಶನರಿ; ಸುವಾರ್ತೆ ಸಾರುತ್ತಾ ಹಳ್ಳಿಗಳನ್ನು ಸುತ್ತುವಾಗಲೇ ಕಲ್ಲಾಗಿ ಹೋದ ಎಲೆ, ಮೀನು, ಶಂಖಗಳನ್ನು ಕೂಡಿಸಿ ಆ ಸೀಮೆಯ ಬಂಡೆಗಳ ವಿಷಯವಾಗಿ ವಿದ್ವಾಂಸರಿಗೆ ತಿಳಿಸಿದವರು. ಫೂಟರಿಗೆ ಪಲ್ಲಾವರದ ಕಲ್ಲು ಸಿಕ್ಕಿದ 1863ರಲ್ಲಿಯೇ, ಸೆಪ್ಟೆಂಬರ್ ತಿಂಗಳಲ್ಲಿ, ಪುರಾತನದ ಸಮಾಧಿಗಳನ್ನು ನೋಡಿ ರಾತ್ರಿ ಕುದುರೆಯ ಮೇಲೆ ಹಿಂದಿರುಗುವಾಗ ತುಂಬಿದ ಹೊಳೆಯಲ್ಲಿ ಮುಳುಗಿ ತೀರಿಹೋದರು. ಬಂಡೆಗಳನ್ನು ಓದುವದರಿಂದ ಅವರ ಉಪದೇಶಕ್ಕೆ ಕುಂದು ಬಂತೆಂದು ನಾಗಪುರದ ಸಭೆಯವರು ಹೇಳಿದ್ದನ್ನು ನಾವು ಎಲ್ಲಿಯೂ ಓದಲಿಲ್ಲ.

ಇನ್ನು ನಮ್ಮ ಸೀಮೆ. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಅವುಗಳ ನಡುವೆ ಹರಡಿಕೊಂಡಿದ್ದ ಸಂಸ್ಥಾನಗಳನ್ನೂ ಕೂಡಿಸಿ ಆಗಿನ ಸರಕಾರದವರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಇದನ್ನೆಲ್ಲಾ ನೋಡಿ ನಕ್ಷೆ ಮಾಡುವ ಕೆಲಸವು ಫೂಟರ ಪಾಲಿಗೆ ಬಂತು. ಅವರು ಇಲ್ಲಿಗೆ ಬಂದ ಕಾಲದಲ್ಲಿ ಬೆಳಗಾವಿಗೆ ಉಗಿಬಂಡಿ ಇನ್ನೂ ಬಂದಿರಲಿಲ್ಲ. ಲಂಡನ್ ಮಿಶನಿನ ಜೋಸೆಫ್ ಟೇಲರ್ ಅಯ್ಯನವರು 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದು ಸುವಾರ್ತಾ ಕಾರ್ಯವನ್ನು ಆರಂಭಿಸಿ ಹೆಚ್ಚುಕಡಿಮೆ ಅರ್ಧ ಶತಮಾನವಾಗಿತ್ತು. ಆ ಕಾರ್ಯವು 1904ರಲ್ಲಿ ಮೆಥೊಡಿಸ್ಟ್ ಮಿಶನಿಗೆ ಒಪ್ಪಿಸಲ್ಪಟ್ಟದ್ದು ನಮ್ಮ ಸಭೆಗಳಲ್ಲಿ ತಿಳಿದ ಸಂಗತಿಯೇ.

ಬೆಳಗಾವಿಯು ಒಂದು ವಿಚಿತ್ರವಾದ ಅಂಚಿನ ಮೇಲೆ ಕೂತಿದೆ. ಪುಣೆಯಿಂದಲೂ ಅದರ ಆಚೆಯಿಂದಲೂ ತೆಂಕಲಿಗೆ ನೂರಾರು ಮೈಲಿ ಹರಡಿರುವ ಕರಿಕಲ್ಲಿನ ಪದರವು ಈ ಸೀಮೆಗೆ ಬಂದು ಮುಗಿಯುತ್ತದೆ. ಈ ಕರಿಕಲ್ಲು ಒಂದು ಕಾಲದಲ್ಲಿ ಭೂಮಿಯ ಬಿರುಕುಗಳಿಂದ ಕಾದ ಬೆಲ್ಲದಂತೆ ಉಕ್ಕಿ ಹರಿದು, ಒಂದರ ಮೇಲೆ ಒಂದು ಪದರವಾಗಿ ಆರಿದ್ದು; ಇದಾಗಿ ಸುಮಾರು 6 ಕೋಟಿ 60 ಲಕ್ಷ ವರುಷಗಳಾದವೆಂದು ಈಗ ಲೆಕ್ಕ ಹಾಕಿದ್ದಾರೆ. ಖಾನಾಪುರದ ಕಡೆಗೆ ಹೋದ ಹಾಗೆ ಆ ಹೊದಿಕೆಯು ತೆಳ್ಳಗಾಗಿ ಹರಿದು, ಅದರ ಕೆಳಗಿನ ಬಹಳ ಹಳೆಯ ಬಂಡೆಗಳು ಮೇಲಕ್ಕೆ ಕಾಣುತ್ತವೆ. ಹರಿದ ಕಂಬಳಿಯ ಅಂಚಿನಲ್ಲಿ ಕೆಳಗಿನ ಚಾಪೆ ಕಾಣುವಂತೆ ಎಂದು ತಿಳಿದುಕೊಳ್ಳಿರಿ. ಗುಡ್ಡಗಳ ತಲೆಯ ಮೇಲಿರುವ ಜಂಬಿಟ್ಟಿಗೆಯಾದರೋ ಹೊರಗಿನಿಂದ ಬಂದದ್ದಲ್ಲ. ಧಾರಾಕಾರವಾದ ಮಳೆಯೂ ಆಮೇಲಿನ ಬಿಸಿಲೂ ಅನೇಕ ಯುಗಗಳ ತನಕ ಬಂಡೆಯನ್ನು ಕೊಳೆಯಿಸಿ, ಅದರೊಳಗಿನ ಕರಗುವ ಪದಾರ್ಥಗಳನ್ನು ತೊಳೆದು, ಕಬ್ಬಿಣವನ್ನೂ ಜೇಡಿಯನ್ನೂ ಮಾತ್ರ ಉಳಿಸಿದಾಗ ಆಗುವ ಕೆಂಪು ಕಲ್ಲು ಅದು. ನೆಲದಲ್ಲಿರುವಾಗ ಕೊಡಲಿಯಿಂದ ಕೊಯ್ಯುವಷ್ಟು ಮೆದು; ಗಾಳಿಗೆ ಇಟ್ಟರೆ ಗಟ್ಟಿ. ನೀರು ಅದರಲ್ಲಿ ನಿಲ್ಲದೆ ಸೋರಿ ಹೋಗುವದರಿಂದ ಮೇಲೆ ಮರ ಬೇರೂರದು, ಹುಲ್ಲು ಮಾತ್ರ ಬೆಳೆಯುವದು. ಮಡ್ಡಿಯು ಮಡ್ಡಿಯಾಗಿರುವದಕ್ಕೆ ಕಾರಣವು ಇದೇ. ದೇವರ ಶಾಪವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸೋರಿದ ಆ ನೀರೇ ಕೆಳಗಿನ ಸಂದುಗಳಲ್ಲಿ ಒರತೆಯಾಗಿ ಎದ್ದು ಅಡವಿಯನ್ನು ಸಾಕುತ್ತದೆ, ಹೊಳೆಗಳನ್ನು ಹುಟ್ಟಿಸುತ್ತದೆ.

ಕಣಕುಂಬಿಯಲ್ಲಿ ಮಲಪ್ರಭೆಯು ಹುಟ್ಟುವದು ಹೀಗೆಯೇ. ಬೇಸಿಗೆಯಲ್ಲಿ ಅಲ್ಲಿ ಅದನ್ನು ಮಗುವು ಹಾರಿ ದಾಟಬಹುದು. ಅಲ್ಲಿಂದ ಮೂಡಲಿಗೆ ಹರಿದು, ಖಾನಾಪುರವನ್ನು ಮುಟ್ಟಿ, ಸವದತ್ತಿಯ ಬಳಿ ಗುಡ್ಡವನ್ನು ಸೀಳಿ, ಪಟ್ಟದಕಲ್ಲು ಐಹೊಳೆಗಳನ್ನು ಹಾದು, ಸುಮಾರು 190 ಮೈಲಿಯ ಕೊನೆಯಲ್ಲಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅದೇ ಗುಡ್ಡಗಳ ಆಚೆಯ ಇಳಕಲಿನಲ್ಲಿ ಬಿದ್ದ ಮಳೆಯು ಮಹದಾಯಿಗೆ ಸೇರಿ ಗೋವೆಯ ಸಮುದ್ರಕ್ಕೆ ಹೋಗುತ್ತದೆ. ಒಂದೇ ಮೋಡದ ಎರಡು ಹನಿಗಳು ಒಂದೇ ಮಡ್ಡಿಯ ಮೇಲೆ ಬಿದ್ದು ಎರಡು ಸಮುದ್ರಗಳಿಗೆ ಹೋಗುವವು.

ಮಡ್ಡಿಯಿಂದ ಇಳಿದ ಈ ಮಲಪ್ರಭೆಯ ದಡಗಳಲ್ಲಿಯೂ ಘಟಪ್ರಭೆಯ ದಡಗಳಲ್ಲಿಯೂ, ಹೊಳೆಯು ಹಿಂದೆ ಎತ್ತರದಲ್ಲಿ ಹರಿಯುತ್ತಿದ್ದಾಗ ಬಿಟ್ಟುಹೋದ ಹಳೆಯ ಜಲ್ಲಿಯ ಪದರಗಳಲ್ಲಿ, ಫೂಟ್ ಸಾಹೇಬರು ಮನುಷ್ಯರು ಮಾಡಿದ ಆಯುಧಗಳನ್ನು ಕಂಡರು. ಪಲ್ಲಾವರದಲ್ಲಿ ಕಂಡ ಜಾತಿಯವೇ. ಅವು ಕರಿಕಲ್ಲಿನವಲ್ಲ; ಗೋಕಾಕದ ದಬದಬೆಯಲ್ಲಿ ಘಟಪ್ರಭೆಯು ಸುಮಾರು 170 ಅಡಿ ಧುಮುಕುವ ಆ ಗಟ್ಟಿಯಾದ ಬಿಳಿಗೆಂಪಿನ ಕಲ್ಲಿನ ಜಾತಿಯವು. ಆ ಕಲ್ಲಿನ ವರ್ಗಕ್ಕೆ ಕಲಾದಗಿ ಎಂಬ ಊರಿನ ಮೇಲಿಂದ ಹೆಸರಿಟ್ಟವರೂ ಫೂಟರೇ. ಇಂದಿಗೂ ಅದೇ ಹೆಸರು ನಡೆಯುತ್ತದೆ. ಗಟ್ಟಿಯಾಗಿದ್ದು ಚೂಪಾಗಿ ಒಡೆಯುವ ಕಲ್ಲು ಎಲ್ಲಿ ದೊರೆಯುತ್ತದೋ ಅಲ್ಲಿ ಆ ಪುರಾತನ ಜನರ ಗುರುತುಗಳು ಹೆಚ್ಚಾಗಿವೆ ಎಂಬದನ್ನೂ ಅವರು ಗಮನಿಸಿದರು. ಗೊಲ್ಯಾತನ ಎದುರಿಗೆ ಹೋಗುವ ಮುಂಚೆ ದಾವೀದನು ಹಳ್ಳದಲ್ಲಿ ಬಗ್ಗಿ ನುಣುಪಾದ ಐದು ಕಲ್ಲುಗಳನ್ನು ಆರಿಸಿದನಷ್ಟೆ. ಕೈಗೆ ಸಿಕ್ಕಿದ್ದನ್ನೆಲ್ಲಾ ಅವನು ತುಂಬಿಕೊಳ್ಳಲಿಲ್ಲ. ಮಲಪ್ರಭೆಯ ದಡದ ಆ ಹೆಸರಿಲ್ಲದ ಮನುಷ್ಯರೂ ಹಾಗೆಯೇ ಬಗ್ಗಿ, ಇದು ಬೇಕು, ಇದು ಬೇಡ ಎಂದು ಆರಿಸಿದವರು.

ಇನ್ನೊಂದು ಸಂಗತಿಯನ್ನು ಹೇಳಿದರೆ ನಮ್ಮ ಮಕ್ಕಳು ಬೆರಗಾಗುವರು. ಗೋಕಾಕದ ಸಮೀಪದಲ್ಲಿ ಫೂಟ್ ಸಾಹೇಬರಿಗೆ ಕಲ್ಲಾಗುತ್ತಿದ್ದ ದೊಡ್ಡ ಎಲುಬುಗಳೂ ಹಲ್ಲುಗಳೂ ದೊರಕಿದವು. ಪರೀಕ್ಷೆ ಮಾಡಿ ನೋಡಲಾಗಿ ಅವು ಖಡ್ಗಮೃಗದವು! ಇಂದು ಆ ಮೃಗವನ್ನು ನೋಡಬೇಕಾದರೆ ಅಸ್ಸಾಮಿಗಾಗಲಿ ಬಂಗಾಳದ ಬಡಗಣ ಮೂಲೆಗಾಗಲಿ ಹೋಗಬೇಕು. ಗೋಕಾಕದ ಎರೆಹೊಲಗಳಲ್ಲಿ ಅದು ಮೇಯುತ್ತಿತ್ತೆಂದರೆ ಆಗ ಅಲ್ಲಿ ಜವುಗೂ ಎತ್ತರದ ಹುಲ್ಲೂ ವರುಷವಿಡೀ ನೀರೂ ಇದ್ದಿರಬೇಕು. ಇದು ಹಿಂದೆ ಯಾರೂ ವಿವರಿಸದ ಜಾತಿಯೆಂದು ನಿರ್ಣಯಿಸಿ, ನಮ್ಮ ದಖ್ಖಣದ ಹೆಸರನ್ನೇ ಅದಕ್ಕೆ ಕೊಟ್ಟು, 1874ರಲ್ಲಿ ಚಿತ್ರಗಳ ಸಹಿತವಾಗಿ ಪ್ರಕಟಿಸಿದರು. ಈ ಸೀಮೆಯ ಬಂಡೆಗಳ ವಿಷಯವಾದ ಅವರ ದೊಡ್ಡ ಪುಸ್ತಕವು 1876ರಲ್ಲಿ ಹೊರಗೆ ಬಂತು. ಅದರಲ್ಲಿ ನಮ್ಮ ಹೊಳೆಗಳೂ ಗುಡ್ಡಗಳೂ ಊರುಗಳೂ ಹೆಸರು ಹೆಸರಾಗಿ ಇವೆ. ಆ ಪುಸ್ತಕದಿಂದ ಮೊದಲಾದ ಶೋಧನೆಯು ಅಲ್ಲಿಗೇ ನಿಲ್ಲಲಿಲ್ಲ; ಆರ್. ವಿ. ಜೋಶಿ ಎಂಬ ವಿದ್ವಾಂಸರು ಮಲಪ್ರಭೆಯ ಕಣಿವೆಯನ್ನು ಪುನಃ ನಡೆದು ನೋಡಿ 1955ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಬೆಳಗಾವಿಯ ಸೀಮೆಯ ತರುವಾಯ ಫೂಟರ ಕೆಲಸವು ರಾಯಚೂರು ಬಳ್ಳಾರಿಗಳ ಕಡೆಗೆ ಸಾಗಿತು. ಬಂಗಾರವಿರುವ ಹಳೆಯ ಬಂಡೆಗಳ ವರ್ಗವನ್ನು ಬೇರೆ ಮಾಡಿ ಧಾರವಾಡದ ಹೆಸರಿನಿಂದ ಅದನ್ನು ಕರೆದು 1888ರಲ್ಲಿ ಬರೆದರು. ಕರ್ನೂಲಿನ ಬಿಲ್ಲಸುರ್ಗಂ ಗವಿಗಳನ್ನು ಸೈನ್ಯದಲ್ಲಿದ್ದ ಅವರ ಮಗನು ಜೊತೆಗಿದ್ದು 1884ರಲ್ಲಿ ಅಗೆದನು. ಬಳ್ಳಾರಿ ಸೀಮೆಯಲ್ಲಿ ಅವರಿಗೆ ಬೇರೊಂದು ಬಗೆಯ ಕಲ್ಲುಗಳು ರಾಶಿಯಾಗಿ ಸಿಕ್ಕಿದವು. ಇವು ಒಡೆದು ಬಿಟ್ಟವಲ್ಲ; ತಿಕ್ಕಿ ತಿಕ್ಕಿ ನುಣುಪು ಮಾಡಿದ ಕರಿಕಲ್ಲಿನ ಕೊಡಲಿಗಳು, ದನ ಸಾಕಿ ಹೊಲ ಮಾಡಿದ ಮುಂದಿನ ಕಾಲದ ಜನರವು. ಸಂಗನಕಲ್ಲು ಕಪ್ಪಗಲ್ಲುಗಳ ಗುಡ್ಡಗಳ ಮೇಲೆ ಅವನ್ನು ಮಾಡುವ ಕಮ್ಮಟಗಳೇ ಇದ್ದವು. ಕುಡತಿನಿಯ ಬಳಿಯಲ್ಲಿರುವ ದೊಡ್ಡ ಬೂದಿಗುಡ್ಡವನ್ನು ಜನರು ರಾಕ್ಷಸನನ್ನು ಸುಟ್ಟ ಬೂದಿಯೆಂದು ಹೇಳುತ್ತಾರೆ. ಅಂಥ ಗುಡ್ಡಗಳು ದನದ ಸಗಣಿ ಸುಟ್ಟದ್ದರಿಂದ ಆದವೆಂದು ಫೂಟರು ಎಣಿಸಿದರು. ಬಹಳ ವರುಷಗಳ ಮೇಲೆ ಅಗೆದು ನೋಡಿದವರು ಅದೇ ಸರಿಯೆಂದರು.

ಈ ನುಣುಪಾದ ಕೊಡಲಿಗಳ ವಿಷಯದಲ್ಲಿ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಉಪದೇಶಿಯಾದ ಹೊಸದರಲ್ಲಿ ಬಳ್ಳಾರಿ ಸೀಮೆಯ ಒಂದು ಹಳ್ಳಿಯಲ್ಲಿದ್ದೆವು. ಅಲ್ಲಿ ಒಂದು ಕುಟುಂಬದವರು ದೀಕ್ಷಾಸ್ನಾನಕ್ಕೆ ಸಿದ್ಧರಾದರು. ಅವರ ಹಿತ್ತಲಿನ ಬೇವಿನ ಬುಡದಲ್ಲಿ ಗೇಣುದ್ದದ ಮೂರು ಕರಿಯ ಕಲ್ಲುಗಳು, ಒಂದು ಕೊನೆ ಚೂಪು, ಒಂದು ಕೊನೆ ಅಗಲ, ಎಣ್ಣೆ ಕುಂಕುಮಗಳಿಂದ ಹೊಳೆಯುತ್ತಿದ್ದವು. ಸಿಡಿಲಿನೊಂದಿಗೆ ಆಕಾಶದಿಂದ ಬಿದ್ದವೆಂದು ಮನೆಯ ಮುದುಕಿಯು ಅವುಗಳಿಗೆ ಪ್ರತಿ ಸೋಮವಾರ ನೀರು ಹಾಕುತ್ತಿದ್ದಳು. ಕಲ್ಲಿಗೆ ಅಡ್ಡಬೀಳುವದನ್ನು ಬಿಡಬೇಕೆಂದು ನಾವು ಹೇಳಿದ್ದು ಸರಿಯೇ. ಆದರೆ ಅಷ್ಟಕ್ಕೇ ನಿಲ್ಲದೆ, ಎಲ್ಲರೂ ನೋಡುತ್ತಿರುವಾಗ ಆ ಮೂರನ್ನೂ ನಮ್ಮ ಕೈಯಿಂದಲೇ ಎತ್ತಿ ಊರ ಕೆರೆಯ ನಡುವಿಗೆ ಎಸೆದೆವು. ಮುದುಕಿಯು ಮಾತಾಡಲಿಲ್ಲ. ನಮಗೆ ಅದು ಒಂದು ಜಯವಾಗಿ ಕಂಡಿತ್ತು.

ಅವು ಕೊಡಲಿಗಳೆಂದು ಈಗ ಬಲ್ಲೆವು. ಸುಮಾರು 4000 ವರುಷಗಳ ಹಿಂದೆ ಯಾವನೋ ಒಬ್ಬನು ಗುಡ್ಡದ ಬಂಡೆಯ ಮೇಲೆ ಕೂತು, ನೀರು ಮರಳು ಹಾಕಿ, ದಿನಗಟ್ಟಲೆ ತಿಕ್ಕಿ ಅವಕ್ಕೆ ಅಂಚು ಮಾಡಿದ್ದನು. ಅವನ ದುಡಿಮೆಯನ್ನು ಮುದುಕಿಯ ಹಿರಿಯರು ಅರಿಯದೆ ದೇವರು ಮಾಡಿದರು. ನಾವು ಅರಿಯದೆ ಕೆಸರಿಗೆ ಹಾಕಿದೆವು. ಮರಗಳ ಬುಡದಲ್ಲಿ ಇಂಥ ಕಲ್ಲುಗಳಿಗೆ ಪೂಜೆಯಾಗುವದನ್ನು ಫೂಟರ ಕಾಲದವರೂ ಕಂಡಿದ್ದರು. ಆ ದಿವಸ ನಾವು ಮುದುಕಿಗೆ, ಇದು ಸಿಡಿಲೂ ಅಲ್ಲ ದೇವರೂ ಅಲ್ಲ, ನಿನ್ನಂಥ ಒಬ್ಬ ಮನುಷ್ಯನ ಕೊಡಲಿ ಎಂದು ಹೇಳಿದ್ದರೆ ಅವಳ ಮನಸ್ಸು ನೋಯದೆಯೇ ಆ ಪೂಜೆಯು ನಿಲ್ಲುತ್ತಿತ್ತೋ ಏನೋ. ಅದನ್ನು ಹೇಳುವಷ್ಟು ತಿಳಿವಳಿಕೆಯು ಆಗ ನಮ್ಮಲ್ಲಿರಲಿಲ್ಲ.

ಫೂಟ್ ಸಾಹೇಬರೂ ಎಲ್ಲದರಲ್ಲಿ ಸರಿಯಾಗಿದ್ದರೆಂದು ನಾವು ಹೇಳುವದಿಲ್ಲ. ಒಡೆದ ಕಲ್ಲಿನ ಜನರಿಗೂ ತಿಕ್ಕಿದ ಕಲ್ಲಿನ ಜನರಿಗೂ ನಡುವೆ ದೇಶವು ಬಹು ಕಾಲ ಬರಿದಾಗಿತ್ತೆಂದು ಅವರು ಎಣಿಸಿದ್ದರು. ಆ ನಡುಗಾಲದ ಸಣ್ಣ ಸಣ್ಣ ಕಲ್ಲಿನ ಅಲಗುಗಳು ಆಮೇಲೆ ಎಲ್ಲೆಲ್ಲಿಯೂ ಸಿಕ್ಕಿ ಆ ಎಣಿಕೆಯು ಬಿದ್ದುಹೋಯಿತು. ಆಯುಧಗಳ ವಯಸ್ಸನ್ನು ವರುಷಗಳಲ್ಲಿ ಹೇಳುವ ಸಾಧನವೂ ಅವರಿಗಿರಲಿಲ್ಲ. ಈಗ ಅದು ಇದೆ. ಅವರು ಕಂಡ ಅತ್ತಿರಂಪಾಕ್ಕಮಿನಲ್ಲಿ ಪುನಃ ಅಗೆದ ಶಾಂತಿ ಪಪ್ಪು ಎಂಬ ವಿದ್ವಾಂಸೆಯೂ ಅವರ ಜೊತೆಯವರೂ ಅಲ್ಲಿಯ ಹಳೆಯ ಆಯುಧಗಳು 10 ಲಕ್ಷ ವರುಷಗಳಿಗಿಂತ ಈಚಿನವಲ್ಲ, 15 ಲಕ್ಷದಷ್ಟು ಹಳೆಯವಿರಬೇಕು ಎಂದು 2011ರಲ್ಲಿ ತೋರಿಸಿದರು. ನಮ್ಮ ಕರ್ನಾಟಕದ ಹುಣಸಗಿಯ ಬಳಿಯ ಇಸಾಂಪುರದ ಆಯುಧಗಳಿಗೂ ಸುಮಾರು 12 ಲಕ್ಷ ವರುಷಗಳೆಂದು ಲೆಕ್ಕ ಬಂದಿದೆ. ಹುಡುಗನ ಪುಸ್ತಕದಲ್ಲಿ ಲಕ್ಷಾಂತರ ಎಂದು ಬರೆದದ್ದು ಹೀಗೆ ಬಂದದ್ದು; ಸಭೆಯನ್ನು ಕೆಡಿಸುವದಕ್ಕಾಗಿ ಯಾರೋ ಕಟ್ಟಿದ್ದಲ್ಲ. ಹಿರಿಯರಿಗೆ ನಾವು ಹೇಳಬೇಕಾಗಿದ್ದದ್ದು ಇಷ್ಟೇ. ಮೊಮ್ಮಗನು ಓದಲಿ.

1891ರಲ್ಲಿ ಫೂಟ್ ಸಾಹೇಬರು ಸರಕಾರದ ಕೆಲಸದಿಂದ ಬಿಡುಗಡೆ ಹೊಂದಿ, ಕೆಲವು ಕಾಲ ಬರೋಡದ ಮಹಾರಾಜರ ಸಂಸ್ಥಾನದಲ್ಲಿ ಅದೇ ಕೆಲಸ ಮಾಡಿದರು. ಕಡೆಗೆ ಸೇಲಂ ಬಳಿಯ ಏರ್ಕಾಡಿನ ಬೆಟ್ಟದಲ್ಲಿ ನೆಲೆಸಿದರು. 450ಕ್ಕೂ ಮಿಕ್ಕ ಸ್ಥಳಗಳಿಂದ ಕೂಡಿಸಿದ್ದ ಕಲ್ಲುಗಳೂ ಮಡಕೆಯ ಚೂರುಗಳೂ ಅವರ ಮನೆಯಲ್ಲಿ ತುಂಬಿದ್ದವು. ಅವು ಚದರಿ ಹೋಗದಂತೆ 1904ರಲ್ಲಿ ಮದ್ರಾಸ್ ಸರಕಾರಕ್ಕೆ ಕೊಟ್ಟುಬಿಟ್ಟರು. ಸರಕಾರವು ಕ್ರಯಕೊಟ್ಟು ಎಗ್ಮೋರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿತು. ಅನಂತರ ಮುಪ್ಪಿನ ವರುಷಗಳನ್ನೆಲ್ಲಾ ಅವುಗಳ ಪಟ್ಟಿಯನ್ನು ಬರೆಯುವದರಲ್ಲಿ ಕಳೆದರು. ಪಟ್ಟಿಯು ಅಚ್ಚಾಗಿ ಬರುವದನ್ನು ನೋಡಲು ಅವರು ಉಳಿಯಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ, 78ನೇ ವಯಸ್ಸಿನಲ್ಲಿ, ತೀರಿಹೋದರು. ಅವರ ಅವಶೇಷವನ್ನು ಏರ್ಕಾಡಿಗೆ ತಂದು ಹೋಲಿ ಟ್ರಿನಿಟಿ ದೇವಾಲಯದ ಅಂಗಳದಲ್ಲಿ ಹೂಣಿಟ್ಟರು. ಪಟ್ಟಿಯ ಎರಡು ಸಂಪುಟಗಳು 1914ರಲ್ಲಿಯೂ 1916ರಲ್ಲಿಯೂ ಪ್ರಕಟವಾದವು.

ಆ ಪಟ್ಟಿಯಲ್ಲಿ ಕಲ್ಲುಗಳನ್ನು ಜಿಲ್ಲೆ ಜಿಲ್ಲೆಯಾಗಿ, ಸಿಕ್ಕಿದ ಊರಿನ ಹೆಸರು ಹಿಡಿದು ಜೋಡಿಸಿದ್ದಾರೆ. ಬಳ್ಳಾರಿ ಜಿಲ್ಲೆಯ ಪುಟಗಳು ಬಹಳ. ನಾವು ಇದ್ದ ಆ ಹಳ್ಳಿಗೆ ಬರುವ ಬೇಸಿಗೆಯಲ್ಲಿ, ಕೆರೆಯ ನೀರು ಇಳಿದ ಮೇಲೆ, ಒಂದು ಸಾರಿ ಹೋಗಿಬರಬೇಕೆಂದಿದ್ದೇವೆ. ಮುದುಕಿಯು ಈಗಿಲ್ಲ, ಅವಳ ಮಗನು ಅಲ್ಲಿಯ ಸಭೆಯ ಹಿರಿಯನಾಗಿದ್ದಾನೆ. ಸಲಿಕೆಯನ್ನು ತಾನು ತರುತ್ತೇನೆಂದು ಹೇಳಿ ಕಳುಹಿಸಿದ್ದಾನೆ.